ಮನೆಯ ರೂಟರಿನಲ್ಲಿ ಸಂಚಾರ ಆದ್ಯತೆ ಮಟ್ಟಗಳ ನಿಗದಿ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಸ್ತಿ ನೋಂದಣಿ, ವಿದ್ಯಾರ್ಥಿವೇತನ, ವೃತ್ತಿಶಿಕ್ಷಣ ಕೋರ್ಸುಗಳ ಸೀಟು ಆಯ್ಕೆ ಮುಂತಾದ ಅನೇಕ ಸೇವೆಗಳಿಗೆ ಈಗ ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಕೊನೆಯ ದಿನಾಂಕವಿರುವ ಅರ್ಜಿಗಳಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಅರ್ಜಿಯು ಸರ್ವರನ್ನು ತಲುಪಿದ ಸಮಯ. ಅರ್ಜಿದಾರರು ಸಲ್ಲಿಕೆಯ ಗುಂಡಿಯನ್ನು ಒತ್ತಿದ್ದರೂ ದಾಖಲೆಯ ಕಡತವು ಅರ್ಧಕ್ಕೆ ನಿಂತು ಹೋದಲ್ಲಿ ಅರ್ಜಿ ಸ್ವೀಕೃತವಾಗಿರುವುದಿಲ್ಲ. ಇಂತಹ ಸಂದರ್ಭಗಳಲ್ಲಿ ಸರ್ವರ್ ಕೆಲಸ ಮಾಡುತ್ತಿಲ್ಲವೆಂಬ ದೂರು ಸಹಜವಾಗಿ ಕೇಳಿಬರುತ್ತದೆ. ಅದು ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ಎಷ್ಟೋ ಸಲ ಅದೇ ಹೊತ್ತಿನಲ್ಲಿ ಮನೆಯ ಇನ್ನೊಂದು ಕೋಣೆಯಲ್ಲಿರುವ ಮೊಬೈಲ್ ಫೋನು ಹಿಂದಿನ ದಿನದ ಮದುವೆಯ ಛಾಯಾಚಿತ್ರಗಳನ್ನೆಲ್ಲ ತಾನಾಗಿಯೇ ಅಂತರ್ಜಾಲಕ್ಕೆ ಏರಿಸುತ್ತಿರುತ್ತದೆ. ಅದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಇದನ್ನು ಮನೆಯಲ್ಲಿಯೇ, ಯಾವುದೇ ಹೆಚ್ಚುವರಿ ವೆಚ್ಚವಿಲ್ಲದೆ, ರೂಟರಿನ ಆದ್ಯತೆ ವ್ಯವಸ್ಥೆಯಿಂದ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಆದ್ಯತೆ ನೀಡುವುದರಿಂದ ಸಂಪರ್ಕದ ವೇಗ ಹೆಚ್ಚುವುದಿಲ್ಲ ಎಂಬುದನ್ನು ಆರಂಭದಲ್ಲಿಯೇ ತಿಳಿದಿರುವುದು ಒಳ್ಳೆಯದು. ಇರುವ ವೇಗದಲ್ಲಿ ಯಾರು ಮುಂದೆ ಹೋಗಬೇಕು, ಯಾರು ಕಾಯಬೇಕು ಎಂಬುದನ್ನು ಮಾತ್ರ ಅದು ತೀರ್ಮಾನಿಸುತ್ತದೆ.

ಕಾಯುವಿಕೆ ಎಲ್ಲಿ ಉಂಟಾಗುತ್ತದೆ

ಮನೆಯಿಂದ ಹೊರಹೋಗುವ ಮತ್ತು ಮನೆಗೆ ಬರುವ ಎಲ್ಲ ಮಾಹಿತಿಯೂ ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಮನೆಯೊಳಗಿನ ವೈಫೈ ವೇಗವಾಗಿಯೂ ಹೊರಗಿನ ತಂತಿ ನಿಧಾನವಾಗಿಯೂ ಇದ್ದಲ್ಲಿ ಪ್ಯಾಕೆಟ್‌ಗಳು ಮೋಡೆಮ್ ಅಥವಾ ರೂಟರಿನ ಸ್ಮರಣೆಯಲ್ಲಿ ಸರದಿಯಲ್ಲಿ ನಿಲ್ಲುತ್ತವೆ. ಸರದಿ ಉದ್ದವಾದಷ್ಟೂ ಹೊಸದಾಗಿ ಬಂದ ಪ್ಯಾಕೆಟ್ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ.

ಒಂದು ಲೆಕ್ಕವನ್ನು ಗಮನಿಸಿ. ತಾಮ್ರದ ತಂತಿಯ ಎಡಿಎಸ್‌ಎಲ್ ಸಂಪರ್ಕವೊಂದರಲ್ಲಿ ಅಪ್‌ಲೋಡ್ ವೇಗವು ಸೆಕೆಂಡಿಗೆ 512 ಕಿಲೋಬಿಟ್ ಇದೆ ಎಂದೂ, ಮೋಡೆಮ್ 256 ಕಿಲೋಬೈಟ್‌ನಷ್ಟು ಮಾಹಿತಿಯನ್ನು ಸರದಿಯಲ್ಲಿ ಇರಿಸಿಕೊಳ್ಳುತ್ತದೆ ಎಂದೂ ಇಟ್ಟುಕೊಳ್ಳೋಣ. ಒಂದು ಬೈಟ್ ಎಂದರೆ 8 ಬಿಟ್. ಆದುದರಿಂದ ಸರದಿಯಲ್ಲಿರುವುದು 2,048 ಕಿಲೋಬಿಟ್. ಅದು ಖಾಲಿಯಾಗಲು ಪೂರ್ತಿ 4 ಸೆಕೆಂಡು ಬೇಕು. ಅಂದರೆ, ಛಾಯಾಚಿತ್ರಗಳು ಏರುತ್ತಿರುವಷ್ಟು ಕಾಲವೂ ಅರ್ಜಿದಾರರು ಒತ್ತಿದ ಪ್ರತಿಯೊಂದು ಗುಂಡಿಯ ಸಂದೇಶವು 4 ಸೆಕೆಂಡು ಸರದಿಯಲ್ಲಿ ನಿಂತು ನಂತರ ಮನೆಯಿಂದ ಹೊರಡುತ್ತದೆ. ಒಂದು ಪುಟ ತೆರೆಯಲು ಇಂತಹ ಹಲವಾರು ಸಂದೇಶಗಳು ಹೋಗಿ ಬರಬೇಕಾಗಿರುವುದರಿಂದ, ಪುಟವೇ ತೆರೆಯುತ್ತಿಲ್ಲವೆಂದು ತೋರುತ್ತದೆ. ಇದೇ ಸರದಿಯು ಅಪ್‌ಲೋಡ್‌ನಲ್ಲಿ ಸೆಕೆಂಡಿಗೆ 30 ಮೆಗಾಬಿಟ್ ಸಾಗಿಸುವ ಫೈಬರ್ ಸಂಪರ್ಕದಲ್ಲಾದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ಅವಧಿಯಲ್ಲಿ ಕರಗಿಹೋಗುತ್ತದೆ. ಫೈಬರ್ ಇರುವ ಮನೆಗಳಲ್ಲಿ ಈ ತೊಂದರೆ ಅಪರೂಪವಾಗಿರುವುದಕ್ಕೆ ಇದೇ ಕಾರಣ. ಆದರೂ ಅಗ್ಗದ ಯೋಜನೆಗಳಲ್ಲಿ, ಮಾಸಿಕ ದತ್ತಾಂಶದ ಮಿತಿ ಮುಗಿದು ವೇಗ ಇಳಿದ ದಿನಗಳಲ್ಲಿ, ಅಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳನ್ನು ಬಲ್ಲ ರೈತರಿಗೆ ಈ ವಿಷಯ ಹೊಸದೆನಿಸದು. ತಲೆಭಾಗದವರು ತೂಬನ್ನು ಎತ್ತಿಯೇ ಇಟ್ಟರೆ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ; ಜಲಾಶಯದಲ್ಲಿ ನೀರು ಎಷ್ಟಿದೆ ಎಂಬುದು ಆ ಹೊತ್ತಿಗೆ ಮುಖ್ಯವಾಗುವುದಿಲ್ಲ. ರೂಟರಿನ ಆದ್ಯತೆಯು ಮನೆಯ ಮುಂದಿನ ತೂಬನ್ನು ಮಾತ್ರ ಎತ್ತಿ ಇಳಿಸುತ್ತದೆ. ಗೊರೂರಿನ ಗೇಟು ನಮ್ಮ ಕೈಯಲ್ಲಿಲ್ಲ.

ಇಲ್ಲಿ ಅಪ್‌ಲೋಡ್ ಕುರಿತು ಒಂದು ಮಾತು ಅಗತ್ಯ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಬ್ರಾಡ್‌ಬ್ಯಾಂಡ್‌ಗೆ ಸೆಕೆಂಡಿಗೆ 256 ಕಿಲೋಬಿಟ್ ಡೌನ್‌ಲೋಡ್ ವೇಗವನ್ನು ಕನಿಷ್ಠವೆಂದು ನಿಗದಿಪಡಿಸಿತ್ತು. 2023ರ ಜನವರಿಯಲ್ಲಿ ಈ ಕನಿಷ್ಠವನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಎರಡೂ ಡೌನ್‌ಲೋಡ್ ವೇಗದ ಮಾತನ್ನೇ ಆಡುತ್ತವೆ. ಚಲನಚಿತ್ರ ನೋಡುವವರಿಗೆ ಅಷ್ಟು ಸಾಕು. ಆದರೆ ಅರ್ಜಿದಾರರು ಕಳುಹಿಸುವವರು. ಅವರ ಕೆಲಸ ನಡೆಯುವುದು ಅಪ್‌ಲೋಡ್ ದಿಕ್ಕಿನಲ್ಲಿ. ಆದುದರಿಂದ ಸಂಪರ್ಕದ ಯೋಜನೆಯನ್ನು ಆಯ್ದುಕೊಳ್ಳುವಾಗ ಎರಡೂ ದಿಕ್ಕಿನ ವೇಗವನ್ನು ಕೇಳಿ ತಿಳಿಯುವುದು ಸೂಕ್ತ.

ಮಟ್ಟಗಳು ಮತ್ತು ಅವುಗಳ ಅಂಕಿಗಳು

ಸಾಮಾನ್ಯ ರೂಟರುಗಳಲ್ಲಿ ಈ ವ್ಯವಸ್ಥೆಯು ಕ್ಯೂ.ಓ.ಎಸ್., ಕ್ವಾಲಿಟಿ ಆಫ್ ಸರ್ವಿಸ್ ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಎಂಬ ಹೆಸರಿನಲ್ಲಿ ಇರುತ್ತದೆ. ಕೆಲವು ರೂಟರುಗಳಲ್ಲಿ ಮೂರು ಅಥವಾ ನಾಲ್ಕು ಮಟ್ಟಗಳಿದ್ದು ಅತ್ಯಧಿಕ, ಅಧಿಕ, ಸಾಮಾನ್ಯ, ಕಡಿಮೆ ಎಂಬರ್ಥದ ಹೆಸರುಗಳಿರುತ್ತವೆ. ಇನ್ನು ಕೆಲವುಗಳಲ್ಲಿ ಅಂಕಿಗಳು ಮಾತ್ರ ಇರುತ್ತವೆ. ಅಂಕಿಯನ್ನು ನೋಡಿ ಊಹೆ ಮಾಡಬಾರದು: ಕೆಲವು ತಯಾರಕರಲ್ಲಿ 1 ಎಂದರೆ ಮೊದಲ ಸ್ಥಾನ, ಮತ್ತೆ ಕೆಲವರಲ್ಲಿ 7 ಎಂಬುದೇ ಮೊದಲ ಸ್ಥಾನ. 802.1ಪಿ ಎಂಬ ಮಾನಕದಲ್ಲಿ 0ಯಿಂದ 7ರವರೆಗೆ 8 ಮಟ್ಟಗಳಿದ್ದು, ಸಾಮಾನ್ಯ ಸಂಚಾರವು 0ಯಲ್ಲಿರುತ್ತದೆ. ಹಿನ್ನೆಲೆಯ ಕೆಲಸಗಳಿಗೆ ಮೀಸಲಾದ 1 ಎಂಬ ಅಂಕಿಯು 0ಗಿಂತಲೂ ಕೆಳಗಿನ ಸ್ಥಾನ. ಅಂಕಿ ದೊಡ್ಡದಾದುದರಿಂದ ಆದ್ಯತೆಯೂ ಹೆಚ್ಚೆಂದು ತಿಳಿದು 1 ನೀಡಿದವರು ತಮ್ಮ ಗಣಕಯಂತ್ರವನ್ನು ತಾವೇ ಹಿಂದಕ್ಕೆ ತಳ್ಳಿದಂತಾಗುತ್ತದೆ. ರೂಟರಿನೊಂದಿಗೆ ಬಂದ ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳತಕ್ಕದ್ದು.

ವೈಫೈನಲ್ಲಿ ಡಬ್ಲ್ಯು.ಎಂ.ಎಂ. ಎಂಬ ಪ್ರತ್ಯೇಕ ಆಯ್ಕೆ ಇರುತ್ತದೆ. ಅದು ಧ್ವನಿ, ದೃಶ್ಯ, ಸಾಮಾನ್ಯ ಮತ್ತು ಹಿನ್ನೆಲೆ ಎಂಬ ನಾಲ್ಕು ವರ್ಗಗಳನ್ನು ಗಾಳಿಯ ಮೂಲಕ ಸಾಗುವಾಗ ಬೇರ್ಪಡಿಸುತ್ತದೆ. ಇದನ್ನು ಎಂದಿಗೂ ಸ್ಥಗಿತಗೊಳಿಸಬಾರದು. 802.11ಎನ್ ಮತ್ತು ನಂತರದ ವೈಫೈಗಳಲ್ಲಿ ಇದನ್ನು ನಿಲ್ಲಿಸಿದಲ್ಲಿ ವೇಗವು ಹಳೆಯ 54 ಮೆಗಾಬಿಟ್‌ನ ಮಟ್ಟಕ್ಕೆ ಇಳಿಯುತ್ತದೆ.

ವ್ಯವಸ್ಥೆ ಮಾಡುವ ಕ್ರಮ

ಮೊದಲು ಸಂಪರ್ಕದ ನಿಜವಾದ ವೇಗವನ್ನು ಅಳೆಯಬೇಕು. ಬಿಲ್ಲಿನಲ್ಲಿ ಬರೆದಿರುವ ವೇಗವನ್ನು ಇಲ್ಲಿ ಬಳಸಬಾರದು. ಮನೆಯ ಉಳಿದೆಲ್ಲ ಉಪಕರಣಗಳನ್ನು ನಿಲ್ಲಿಸಿ, ಗಣಕಯಂತ್ರವನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ, ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ 8ರ ಸುಮಾರಿಗೆ ಹೀಗೆ ಮೂರು ಬಾರಿ ಅಳೆದು, ಡೌನ್‌ಲೋಡ್ ಮತ್ತು ಅಪ್‌ಲೋಡ್ ಎರಡರಲ್ಲೂ ಅತಿ ಕಡಿಮೆ ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು.

ನಂತರ ಬ್ರೌಸರಿನಲ್ಲಿ ರೂಟರಿನ ವಿಳಾಸವನ್ನು ನಮೂದಿಸಬೇಕು. ಅನೇಕ ರೂಟರುಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ; ಉಪಕರಣದ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಅದೇ ಚೀಟಿಯಲ್ಲಿರುವ ಮೂಲ ಪಾಸ್‌ವರ್ಡ್ ಅನ್ನು ಈವರೆಗೆ ಬದಲಾಯಿಸಿರದಿದ್ದಲ್ಲಿ ಮೊದಲು ಆ ಕೆಲಸವನ್ನು ಮುಗಿಸತಕ್ಕದ್ದು.

ಕ್ಯೂ.ಓ.ಎಸ್. ಪುಟದಲ್ಲಿ ಮೊದಲಿಗೆ ಒಟ್ಟು ಅಪ್‌ಲೋಡ್ ಮತ್ತು ಡೌನ್‌ಲೋಡ್ ಮಿತಿಯನ್ನು ಕೇಳಲಾಗುತ್ತದೆ. ಇಡೀ ವ್ಯವಸ್ಥೆಯ ಜೀವಾಳ ಈ ಎರಡು ಅಂಕಿಗಳಲ್ಲಿದೆ. ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಮಿತಿಯನ್ನು ನಿಜವಾದ ವೇಗಕ್ಕಿಂತ ಹೆಚ್ಚಾಗಿ ಬರೆದರೆ ರೂಟರಿನಲ್ಲಿ ಸರದಿಯೇ ಉಂಟಾಗುವುದಿಲ್ಲ. ಸರದಿಯು ಮುಂದಿನ ಮೋಡೆಮಿನಲ್ಲಿ ಬೆಳೆಯುತ್ತದೆ, ಅಲ್ಲಿ ಆದ್ಯತೆಯನ್ನು ಕೇಳುವವರಿಲ್ಲ. ಆದುದರಿಂದ ಫೈಬರ್ ಸಂಪರ್ಕದಲ್ಲಿ ಅಳತೆಯ ಶೇಕಡಾ 90ರಿಂದ 95ರಷ್ಟನ್ನು ನಮೂದಿಸಬೇಕು. ತಾಮ್ರದ ಸಂಪರ್ಕದಲ್ಲಿ ಮೋಡೆಮಿನ ಪುಟದಲ್ಲಿ ಕಾಣುವ ಲೈನ್ ವೇಗವನ್ನು ಆಧಾರವಾಗಿ ತೆಗೆದುಕೊಂಡಲ್ಲಿ ಶೇಕಡಾ 80ರಿಂದ 85 ಸಾಕು, ಏಕೆಂದರೆ ಆ ತಂತಿಯಲ್ಲಿ ಮಾಹಿತಿಯು 53 ಬೈಟುಗಳ ಕಟ್ಟುಗಳಾಗಿ ಸಾಗುತ್ತದೆ, ಅವುಗಳಲ್ಲಿ ನಮ್ಮ ಮಾಹಿತಿಗೆ ಸಿಗುವುದು 48 ಬೈಟು ಮಾತ್ರ. ಸ್ವಲ್ಪ ವೇಗವನ್ನು ಬಿಟ್ಟುಕೊಡುವುದು ನಷ್ಟವೆಂದು ಅನೇಕರಿಗೆ ತೋರುತ್ತದೆ. ಸರದಿಯ ಕೀಲಿಕೈ ನಮ್ಮ ಕೈಗೆ ಬರಲು ಅದೇ ಬೆಲೆ.

ಅಪ್‌ಲೋಡ್ ದಿಕ್ಕಿನಲ್ಲಿ ರೂಟರಿನ ಹಿಡಿತ ನೇರವಾದುದು. ಡೌನ್‌ಲೋಡ್ ದಿಕ್ಕಿನಲ್ಲಿ ಸರದಿಯು ಸೇವಾದಾರರ ಕಡೆಯಲ್ಲಿರುವುದರಿಂದ, ಬಂದ ಪ್ಯಾಕೆಟ್‌ಗಳನ್ನು ತಡೆದು ಅಥವಾ ಬಿಟ್ಟುಬಿಟ್ಟು, ಕಳುಹಿಸುವವರೇ ನಿಧಾನಿಸುವಂತೆ ಮಾಡುವುದಷ್ಟೇ ಸಾಧ್ಯ. ಆದುದರಿಂದ ಡೌನ್‌ಲೋಡ್ ಮಿತಿಯನ್ನು ಇನ್ನಷ್ಟು ಕೆಳಗಿಡುವುದು ಅನುಭವದಲ್ಲಿ ಒಳ್ಳೆಯದು.

ಕೆಲವು ಹೊಸ ರೂಟರುಗಳಲ್ಲಿ ಎಸ್.ಕ್ಯೂ.ಎಂ. ಅಥವಾ ಎಫ್‌ಕ್ಯೂ-ಕೋಡೆಲ್ ಎಂಬ ಆಯ್ಕೆ ಇರುತ್ತದೆ. 2018ರಲ್ಲಿ ಆರ್.ಎಫ್.ಸಿ. 8290 ಎಂಬ ದಾಖಲೆಯಾಗಿ ಪ್ರಕಟವಾದ ಈ ವಿಧಾನವು ಪ್ರತಿಯೊಂದು ಹರಿವಿಗೂ ಪ್ರತ್ಯೇಕ ಸರದಿಯನ್ನು ಇಟ್ಟು, ಬಹಳ ಹೊತ್ತು ನಿಂತ ಪ್ಯಾಕೆಟ್‌ಗಳನ್ನು ಕೈಬಿಡುತ್ತದೆ. ಇದು ಲಭ್ಯವಿದ್ದಲ್ಲಿ ಮೇಲಿನ ಎರಡು ಮಿತಿಗಳನ್ನು ನಮೂದಿಸಿ ಇದನ್ನೇ ಆಯ್ದುಕೊಳ್ಳಬಹುದು. ಹೆಚ್ಚಿನ ಮನೆಗಳಲ್ಲಿ ಮುಂದಿನ ಭಾಗದ ಅಗತ್ಯವೇ ಬೀಳುವುದಿಲ್ಲ.

ಯಾವುದಕ್ಕೆ ಯಾವ ಮಟ್ಟ

ಹಿಂದೆ ರೂಟರುಗಳು ಸಂಚಾರದ ಬಗೆಯನ್ನು ನೋಡಿ ಇದು ದೂರವಾಣಿ, ಇದು ಕಡತ ವರ್ಗಾವಣೆ ಎಂದು ಗುರುತಿಸುತ್ತಿದ್ದವು. ಈಗ ಬಹುತೇಕ ಸಂಚಾರವು ಗೂಢಲಿಪಿಯಲ್ಲಿ ಒಂದೇ ಬಾಗಿಲಿನ ಮೂಲಕ, ಅಂದರೆ 443ನೇ ಪೋರ್ಟಿನ ಮೂಲಕ, ಹೋಗುವುದರಿಂದ ಸೇವಾ ಸಿಂಧುವಿನ ಪುಟವೂ ಚಲನಚಿತ್ರವೂ ರೂಟರಿಗೆ ಒಂದೇ ರೀತಿ ಕಾಣುತ್ತವೆ. ಆದುದರಿಂದ ಉಪಕರಣಗಳಿಗೆ ಆದ್ಯತೆ ನೀಡುವುದೇ ಸರಳ ಮಾರ್ಗ. ಅರ್ಜಿ ಸಲ್ಲಿಸುವ ಗಣಕಯಂತ್ರ ಅಥವಾ ಫೋನನ್ನು ಅದರ ಮ್ಯಾಕ್ ವಿಳಾಸದಿಂದ ಗುರುತಿಸಿ ಅಧಿಕ ಮಟ್ಟಕ್ಕೆ ಸೇರಿಸಬೇಕು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ ಬದಲು ಕೃತಕ ವಿಳಾಸವನ್ನು ನೀಡುತ್ತವೆ. ಅಂತಹ ವಿಳಾಸ ಬದಲಾದರೆ ನೀಡಿದ ಆದ್ಯತೆಯೂ ತಪ್ಪಿಹೋಗುತ್ತದೆ. ಮನೆಯ ವೈಫೈಗೆ ಮಾತ್ರ ಆ ಸೌಲಭ್ಯವನ್ನು ನಿಲ್ಲಿಸಿಕೊಳ್ಳಬಹುದು.

ಧ್ವನಿ ಮತ್ತು ದೃಶ್ಯ ಸಂಭಾಷಣೆಗೆ ಅತ್ಯಧಿಕ ಮಟ್ಟ ಸಲ್ಲುತ್ತದೆ. ಇ-ಸಂಜೀವಿನಿಯಲ್ಲಿ ವೈದ್ಯರೊಡನೆ ಮಾತನಾಡುವವರಿಗೆ, ನ್ಯಾಯಾಲಯದ ವಿಡಿಯೋ ಕಲಾಪಕ್ಕೆ ಹಾಜರಾಗುವವರಿಗೆ ಮಾತು ಮಧ್ಯದಲ್ಲಿ ಕಡಿದುಹೋದರೆ ಮತ್ತೆ ಕೇಳುವ ಅವಕಾಶ ಎಲ್ಲ ಸಮಯದಲ್ಲಿಯೂ ಇರುವುದಿಲ್ಲ. ಒಂದು ಧ್ವನಿ ಸಂಭಾಷಣೆಗೆ ಸೆಕೆಂಡಿಗೆ 100 ಕಿಲೋಬಿಟ್‌ನೊಳಗೆ ಸಾಕಾಗುತ್ತದೆ. ಅದು ಬೇಡುವುದು ಹೆಚ್ಚು ವೇಗವನ್ನಲ್ಲ, ತಡವಿಲ್ಲದ ದಾರಿಯನ್ನು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನಂತೆ ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸರಾಗವಾಗಿರುತ್ತದೆ. ಮೇಲೆ ಹೇಳಿದ 4 ಸೆಕೆಂಡಿನ ಸರದಿಯಲ್ಲಿ ಸಂಭಾಷಣೆ ನಡೆಯುವ ಮಾತೇ ಇಲ್ಲ. ಫೈಬರ್ ಸಂಪರ್ಕದೊಂದಿಗೆ ಬರುವ ಸ್ಥಿರ ದೂರವಾಣಿಯು ಸಾಮಾನ್ಯವಾಗಿ ಪ್ರತ್ಯೇಕ ಮಾರ್ಗದಲ್ಲಿ ಹೋಗುವುದರಿಂದ ಅದಕ್ಕೆ ಬೇರೆಯಾಗಿ ಆದ್ಯತೆ ನೀಡಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಮೇಲಿನ ಮಟ್ಟಗಳಲ್ಲ, ಕೆಳಗಿನ ಮಟ್ಟ. ಛಾಯಾಚಿತ್ರಗಳ ಬ್ಯಾಕಪ್ ಮಾಡುವ ಫೋನು, ತಾನಾಗಿ ನವೀಕರಣಗೊಳ್ಳುವ ಟಿವಿ, ಹಗಲಿರುಳು ದೃಶ್ಯ ಕಳುಹಿಸುವ ಸಿಸಿ ಕ್ಯಾಮೆರಾ, ಇವುಗಳನ್ನು ಕಡಿಮೆ ಮಟ್ಟಕ್ಕೆ ಸೇರಿಸಿ ಉಳಿದೆಲ್ಲವನ್ನೂ ಸಾಮಾನ್ಯದಲ್ಲಿಯೇ ಬಿಟ್ಟರೂ ಅರ್ಧಕ್ಕಿಂತ ಹೆಚ್ಚು ತೊಂದರೆ ನಿವಾರಣೆಯಾಗುತ್ತದೆ. ಮನೆಯ ಪ್ರತಿಯೊಬ್ಬರ ಫೋನನ್ನೂ ಅತ್ಯಧಿಕ ಮಟ್ಟಕ್ಕೆ ಸೇರಿಸಿದರೆ ಎಲ್ಲವೂ ಮತ್ತೆ ಒಂದೇ ಸರದಿಯಲ್ಲಿ ನಿಲ್ಲುತ್ತವೆ. ಆದ್ಯತೆ ನೀಡುವ ಮೊದಲಿದ್ದ ಸ್ಥಿತಿಯೇ ಉಳಿಯುತ್ತದೆ. ಮತ್ತೊಂದು ಎಚ್ಚರಿಕೆ: ಕೆಲವು ರೂಟರುಗಳಲ್ಲಿ ಮೇಲಿನ ಮಟ್ಟದ ಕೆಲಸ ಮುಗಿಯುವವರೆಗೂ ಕೆಳಗಿನ ಮಟ್ಟಕ್ಕೆ ಸರದಿಯೇ ಬರುವುದಿಲ್ಲ. ಅಂತಹ ಕಡೆ ಅತ್ಯಧಿಕ ಮಟ್ಟಕ್ಕೆ ಒಟ್ಟು ವೇಗದ ಅರ್ಧದಷ್ಟರ ಮೇಲ್ಮಿತಿಯನ್ನು ಇಡುವುದು ಕ್ಷೇಮ. ಸೀಟು ಆಯ್ಕೆ ಮಾಡುತ್ತಿರುವ ಅಕ್ಕನಿಗೆ ದಾರಿ ಬಿಡುವ ಭರದಲ್ಲಿ ತಮ್ಮನ ಆನ್‌ಲೈನ್ ತರಗತಿ ಪೂರ್ಣವಾಗಿ ನಿಂತುಹೋಗಬಾರದು.

ವ್ಯವಸ್ಥೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು, ಒಂದು ಫೋನಿನಿಂದ ದೊಡ್ಡ ವಿಡಿಯೋ ಕಡತವನ್ನು ಅಪ್‌ಲೋಡ್ ಮಾಡುತ್ತಾ, ಗಣಕಯಂತ್ರದಲ್ಲಿ ಪಿಂಗ್ ಆದೇಶವನ್ನು ನೀಡಿ ಬರುವ ಮಿಲಿಸೆಕೆಂಡುಗಳನ್ನು ನೋಡಬೇಕು. ಅಪ್‌ಲೋಡ್ ಇಲ್ಲದಿರುವಾಗಿನ ಅಂಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಕೆಲಸ ಮುಗಿದಂತೆ. ಅಂಕಿ ಸಾವಿರವನ್ನು ದಾಟಿದರೆ ಅಪ್‌ಲೋಡ್ ಮಿತಿಯನ್ನು ಇನ್ನೂ ಸ್ವಲ್ಪ ತಗ್ಗಿಸಬೇಕು.

ಮಳೆಗಾಲದಲ್ಲಿ

ತಾಮ್ರದ ತಂತಿಯ ಸಂಪರ್ಕ ಇನ್ನೂ ಇರುವ ಮನೆಗಳವರು, ಮುಖ್ಯವಾಗಿ ಪಟ್ಟಣದಿಂದ ದೂರವಿರುವ ಹಳ್ಳಿಗಳವರು, ಬೇಸಿಗೆಯಲ್ಲಿ ನಮೂದಿಸಿದ ಮಿತಿಯನ್ನು ಆಷಾಢದಲ್ಲಿ ಮತ್ತೊಮ್ಮೆ ಪರಿಶೀಲಿಸತಕ್ಕದ್ದು. ತಂತಿಯ ಕೀಲುಗಳಿಗೆ ನೀರು ಇಳಿದಾಗ ಗದ್ದಲ ಹೆಚ್ಚಿ ಮೋಡೆಮ್ ತಾನಾಗಿಯೇ ಕಡಿಮೆ ವೇಗಕ್ಕೆ ಇಳಿಯುತ್ತದೆ. ಆಗ ಹಳೆಯ ಮಿತಿಯು ನಿಜವಾದ ವೇಗಕ್ಕಿಂತ ಮೇಲಾಗಿ, ಮೇಲೆ ವಿವರಿಸಿದಂತೆ, ಆದ್ಯತೆಯು ಸದ್ದಿಲ್ಲದೆ ನಿಷ್ಫಲವಾಗುತ್ತದೆ. ದೂರವಾಣಿಯಲ್ಲಿ ಕರಕರ ಸದ್ದು ಕೇಳಿದರೆ ಅದೇ ಸೂಚನೆ. ಅಂತಹ ದೋಷಕ್ಕೆ ರೂಟರಿನಲ್ಲಿ ಪರಿಹಾರವಿಲ್ಲ. ತಂತಿಯನ್ನು ದುರಸ್ತಿ ಮಾಡಿಸಬೇಕು.

ತೋಟದ ಮನೆಗಳಲ್ಲಿ 4ಜಿ ಅಥವಾ 5ಜಿ ಸಿಮ್ ಹಾಕಿದ ರೂಟರ್ ಬಳಸುವವರಿಗೆ ವೇಗವು ಗಂಟೆಗೊಂದು ರೀತಿ ಇರುವುದರಿಂದ ನಿಶ್ಚಿತ ಮಿತಿ ಹೊಂದುವುದಿಲ್ಲ. ಅವರು ಹಿನ್ನೆಲೆಯ ಉಪಕರಣಗಳನ್ನು ಕೆಳಗಿಟ್ಟರೆ ಸಾಕು.

ಆದ್ಯತೆಯಿಂದ ಆಗದ ಕೆಲಸಗಳು

ದಪ್ಪ ಮಣ್ಣಿನ ಗೋಡೆಗಳ ತೊಟ್ಟಿಮನೆಯಲ್ಲಿ ಪಡಸಾಲೆಯ ರೂಟರಿನ ಸಂಕೇತ ಹಿಂದಿನ ಕೋಣೆಗೆ ತಲುಪದಿದ್ದರೆ ಕಾಯುವಿಕೆ ಗಾಳಿಯಲ್ಲಿಯೇ ಉಂಟಾಗುತ್ತದೆ. ಅಲ್ಲಿಗೆ ಕೇಬಲ್ ಎಳೆಯುವುದು ಅಥವಾ ರೂಟರಿನ ಪಕ್ಕದಲ್ಲಿ ಕುಳಿತು ಅರ್ಜಿ ತುಂಬುವುದು ಸರಿ. ಸರ್ವರಿನ ಮೇಲೆ ಹೊರೆ ಹೆಚ್ಚಿದಾಗಲೂ ಮನೆಯ ಆದ್ಯತೆ ನಿರುಪಯೋಗಿ. ದೂರದ ಕಾರಣದಿಂದ ಆಗುವ ವಿಳಂಬವೂ ಹಾಗೆಯೇ. ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಂತಹ ಉಪಗ್ರಹದ ಮೂಲಕ ಒಂದು ಸಂದೇಶ ಹೋಗಿ ಇಳಿಯಲು ಸೆಕೆಂಡಿನ ಕಾಲುಭಾಗದಷ್ಟು ಸಮಯ ಬೇಕೇಬೇಕು. ಯಾವ ಮಟ್ಟದ ಆದ್ಯತೆಯೂ ಅದನ್ನು ಕಡಿಮೆ ಮಾಡಲಾರದು.

ಕಡತದ ಗಾತ್ರವನ್ನು ಇಳಿಸುವುದು ಅನೇಕ ಸಲ ಆದ್ಯತೆಗಿಂತ ಹೆಚ್ಚು ಉಪಯುಕ್ತ. ಫೋನಿನಲ್ಲಿ ತೆಗೆದ 5 ಮೆಗಾಬೈಟಿನ ದಾಖಲೆಯ ಚಿತ್ರವು ಸೆಕೆಂಡಿಗೆ 512 ಕಿಲೋಬಿಟ್ ವೇಗದಲ್ಲಿ ಹೋಗಲು 80 ಸೆಕೆಂಡು ಬೇಕು. ಅದೇ ಪುಟವನ್ನು ಕಪ್ಪು ಬಿಳುಪಿನಲ್ಲಿ, ಅಕ್ಷರಗಳು ಸ್ಪಷ್ಟವಾಗಿ ಓದಲು ಬರುವಂತೆ ಸ್ಕ್ಯಾನ್ ಮಾಡಿ 500 ಕಿಲೋಬೈಟಿಗೆ ಇಳಿಸಿದರೆ 8 ಸೆಕೆಂಡು ಸಾಕು. ಬಣ್ಣದ ಪ್ರತಿಯನ್ನೇ ಕೇಳಿರುವ ಸೇವೆಗಳಲ್ಲಿ ಹೀಗೆ ಮಾಡಬಾರದು.

ನಿಯಮಗಳು ಮತ್ತು ದೂರು

ಮನೆಯ ರೂಟರಿನಲ್ಲಿ ಗ್ರಾಹಕರು ತಮ್ಮದೇ ಸಂಚಾರಕ್ಕೆ ಆದ್ಯತೆ ನಿಗದಿಪಡಿಸಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ. ಸೇವಾದಾರರ ವಿಷಯ ಬೇರೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿ 8ರಂದು ವಿಷಯಾಧಾರಿತ ದರ ತಾರತಮ್ಯವನ್ನು ನಿಷೇಧಿಸಿತು. 2018ರಲ್ಲಿ ದೂರಸಂಪರ್ಕ ಇಲಾಖೆಯು ಜಾಲ ತಟಸ್ಥತೆಯ ನಿಯಮಗಳನ್ನು ಅಂಗೀಕರಿಸಿತು. ಇದರಂತೆ, ಕೆಲವು ನಿರ್ದಿಷ್ಟ ವಿನಾಯಿತಿಗಳನ್ನು ಹೊರತುಪಡಿಸಿ, ಸೇವಾದಾರರು ಒಂದು ಜಾಲತಾಣಕ್ಕೆ ವೇಗ ಕೊಟ್ಟು ಇನ್ನೊಂದನ್ನು ನಿಧಾನಗೊಳಿಸುವಂತಿಲ್ಲ.

ಸೇವಾದಾರರು ನೀಡಿದ ಉಪಕರಣದಲ್ಲಿ ಕ್ಯೂ.ಓ.ಎಸ್. ಪುಟವು ಕಾಣಿಸದಿದ್ದರೆ ಅದನ್ನು ಬ್ರಿಡ್ಜ್ ಸ್ಥಿತಿಗೆ ಬದಲಾಯಿಸಿಕೊಡುವಂತೆ ಅವರನ್ನೇ ಕೋರಿ, ಅದರ ಮುಂದೆ ಸ್ವಂತ ರೂಟರನ್ನು ಜೋಡಿಸಿಕೊಳ್ಳಬಹುದು. ವೇಗವು ಒಪ್ಪಂದಕ್ಕಿಂತ ಸತತವಾಗಿ ಕಡಿಮೆ ಇದ್ದಲ್ಲಿ ಮೊದಲು ಸೇವಾದಾರರ ದೂರು ಕೇಂದ್ರಕ್ಕೆ ತಿಳಿಸಿ ಡಾಕೆಟ್ ಸಂಖ್ಯೆಯನ್ನು ಪಡೆಯಬೇಕು. ಪರಿಹಾರ ದೊರೆಯದಿದ್ದಲ್ಲಿ ಅದೇ ಸಂಖ್ಯೆಯನ್ನು ನಮೂದಿಸಿ ಅವರ ಮೇಲ್ಮನವಿ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಮೂರು ಹೊತ್ತಿನ ಅಳತೆಯ ಟಿಪ್ಪಣಿಯನ್ನು ಜೊತೆಗಿಟ್ಟರೆ ದೂರಿಗೆ ಬಲ ಬರುತ್ತದೆ. ರೂಟರ್ ಸರಿಪಡಿಸುವುದಾಗಿ ದೂರವಾಣಿ ಕರೆ ಮಾಡಿ ಪಾಸ್‌ವರ್ಡ್ ಅಥವಾ ಓಟಿಪಿ ಕೇಳುವ ಅಪರಿಚಿತರಿಗೆ ಯಾವುದನ್ನೂ ತಿಳಿಸಬಾರದು.

ರೂಟರಿನ ಹಿಂಭಾಗದ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದಲ್ಲಿ ಎಲ್ಲ ಮಟ್ಟಗಳೂ ಅಳಿಸಿಹೋಗುತ್ತವೆ. ಆದ್ದರಿಂದ ನಮೂದಿಸಿದ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲು ಕೋರಲಾಗಿದೆ. ಕೊನೆಯ ದಿನದಂದು ಮನೆಯ ಸಂಪರ್ಕವು ಏನು ಮಾಡಿದರೂ ಸರಿಹೋಗದಿದ್ದಲ್ಲಿ ಸಂಜೆಯವರೆಗೆ ಕಾಯದೆ, ದಾಖಲೆಗಳನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು, ಮೂಲ ಪ್ರತಿಗಳೊಂದಿಗೆ ಸಮೀಪದ ಗ್ರಾಮ ಒನ್ ಕೇಂದ್ರ ಅಥವಾ ಹೋಬಳಿಯ ನಾಡಕಚೇರಿಯಲ್ಲಿ ಆ ಸೇವೆ ಲಭ್ಯವಿದೆಯೇ ಎಂದು ವಿಚಾರಿಸುವುದು. ಓಟಿಪಿ ಬರುವ ಮೊಬೈಲ್ ಫೋನನ್ನು ಮನೆಯಲ್ಲಿ ಮರೆತು ಹೋಗಬಾರದು.